ಬಾಯ್ಲರಿನ ಕೆಂಪು ಚೀಟಿ

ಲಕ್ಷ್ಮೀನಾರಾಯಣರು ಅಡುಗೆಮನೆಗೆ ನುಗ್ಗಿದವರೇ ಬಾಯ್ಲರಿಗೆ ಅಂಟಿಸಿದ್ದ ಕೆಂಪು ಚೀಟಿಯ ಮೂಲೆಗೆ ಉಗುರು ಹಾಕಿದರು. ಅಪಾಯ, ಹಚ್ಚಬೇಡಿ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿತ್ತು. ಗ್ಯಾಸ್ ರಿಪೇರಿಯವನು ಅದನ್ನು ಅಂಟಿಸಿ, ಗ್ಯಾಸ್ ಬಂದ್ ಮಾಡಿ ಹೋಗಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಮುಟ್ಟಬೇಡಿ ಸಾರ್," ಎಂದಳು ಹರಿಪ್ರಿಯಾ.

"ನನ್ನ ಮನೆ ಬಾಯ್ಲರ್ ಕಣಮ್ಮ ಇದು. ನಂಗೊಂದು ಮಾತು ಹೇಳ್ದೆ ಹೊರಗಿನವನ್ನ ಯಾಕೆ ಕರೆಸಿದ್ರಿ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ?"

ಬರುತ್ತಿದ್ದರು, ಅದೇ ತೊಂದರೆ. ಹಾರ್ಬೋರ್ನ್‌ನ ಈ ಬಾಡಿಗೆ ಮನೆಯ ಮಾಲೀಕರು ಹತ್ತಿರದ ಸೊಲಿಹಲ್‌ನಲ್ಲಿ ಇಪ್ಪತ್ತೈದು ವರ್ಷದಿಂದ ಇರುವ ಎಂಜಿನಿಯರು, ಈ ಇಂಗ್ಲಿಷ್ ಊರುಗಳ ಕನ್ನಡಿಗರ ಪ್ರತಿ ಯುಗಾದಿ ಕಾರ್ಯಕ್ರಮದಲ್ಲೂ ಮುಂದಿನ ಸಾಲಿನ ಹಿರಿಯರು. ಮನೆ ನೋಡಲು ಬಂದ ದಿನ ಹರಿಪ್ರಿಯಾ, ಬಾಯ್ಲರ್ ಸುರಕ್ಷಿತ ಎನ್ನುವ ಗ್ಯಾಸ್ ಸರ್ಟಿಫಿಕೇಟ್ ಕೇಳಿದಾಗ ಗಂಡ ವಿನಾಯಕನೇ ಅವಳ ಕಾಲು ತುಳಿದಿದ್ದ. ನಮ್ಮವರ ಹತ್ತಿರ ಕಾಗದಪತ್ರ ಕೇಳುವುದುಂಟೇ!

ಪಕ್ಕದ ಮನೆಯವರು ಗೋಡೆ ಒಡೆಸತೊಡಗಿದ ಮೇಲೆ ಎಲ್ಲೆಲ್ಲೂ ಧೂಳು. ಜನವರಿಯ ಚಳಿಯಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ದಿನಕ್ಕೆರಡು ಸಲ ಆರಿಹೋಗುತ್ತಿತ್ತು. ಲಕ್ಷ್ಮೀನಾರಾಯಣರು ತಾವೇ ಬಂದರು. ಹಳೇ ಪೇಂಟ್ ಬ್ರಷ್ಷಿನಿಂದ ಅದರ ಒಳಗೆಲ್ಲ ಗುಡಿಸಿದರು. ಆಮೇಲೆ ಧೂಳು ಬರುವ ದಾರಿಯನ್ನೇ ಮುಚ್ಚುತ್ತೇನೆಂದು, ಗೋಡೆಯಲ್ಲಿದ್ದ ಗಾಳಿಯ ಜಾಲರಿಗೆ ಪ್ಲಾಸ್ಟಿಕ್ ಹಾಕಿ ನಾಲ್ಕೂ ಕಡೆ ಟೇಪ್ ಬಡಿದರು. ಬೆಂಗಳೂರಿನ ಬೀದಿಬದಿಯ ಕಿಟಕಿ ಮುಚ್ಚಿದಷ್ಟೇ ಸಲೀಸಾಗಿ. ಎಂಥ ತಲೆ ಸಾರ್ ನಿಮ್ಮದು ಎಂದು ವಿನಾಯಕ ಹೊಗಳಿದ್ದ. ಹರಿಪ್ರಿಯಾ ಉಪ್ಪಿಟ್ಟು ಮಾಡಿ ಬಡಿಸಿದ್ದಳು. ಅದನ್ನು ನೆನೆದರೆ ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಆ ಜಾಲರಿ ಇದ್ದದ್ದು ಬಾಯ್ಲರಿನ ಉಸಿರಿಗೆ. ಅದು ಮುಚ್ಚಿದಂದಿನಿಂದ ಮನೆಯವರಿಗೆಲ್ಲ ತಲೆನೋವು. ಮೂರು ವರ್ಷದ ಪ್ರಣವ್ ತಿಂದದ್ದನ್ನೆಲ್ಲ ಕಕ್ಕುತ್ತಿದ್ದ. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಫ್ಲೂ ಎಂದು ಕಳಿಸಿದರು. ನಿನ್ನೆ ಬೆಳಿಗ್ಗೆ ಎಷ್ಟು ಅಲುಗಿಸಿದರೂ ಮಗು ಕಣ್ಣು ಬಿಡಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ದಿನವಿಡೀ ಆಮ್ಲಜನಕ ಕೊಟ್ಟ ಡಾಕ್ಟರು, ಇದು ಗ್ಯಾಸ್ ಸರಿಯಾಗಿ ಉರಿಯದೆ ಬರುವ ವಿಷಗಾಳಿ, ಮೊದಲು ಬಾಯ್ಲರ್ ನೋಡಿಸಿ ಅಂದರು. ಈಗ ಪ್ರಣವ್ ಹಾಲ್‌ನಲ್ಲಿ ಕೋಟು ತೊಟ್ಟು, ಎರಡು ರಜಾಯಿ ಹೊದ್ದು ಕೂತಿದ್ದ.

"ಮಗು ಹುಷಾರಾಗಿದೆಯಲ್ಲ, ಮತ್ತೇನು?" ಎಂದರು ಲಕ್ಷ್ಮೀನಾರಾಯಣರು. "ಇಲ್ಲಿಯೋರಿಗೆ ಎಲ್ಲಕ್ಕೂ ಗಾಬರಿ. ಟೇಪ್ ಕಿತ್ತಾಯ್ತು, ಈಗ ಹಚ್ಚಿದ್ರೆ ಏನೂ ಆಗಲ್ಲ. ಕೌನ್ಸಿಲ್ ಆಫೀಸಿಗೆ ದೂರು ಗೀರು ಅಂತ ಓಡಾಡ್ಬೇಡಿ. ನಮ್ನಮ್ಮಲ್ಲೇ ಮುಗಿಸ್ಕೊಳ್ಳೋಣ."

"ಒಳಗೆಲ್ಲ ಮಸಿ ಕಟ್ಟಿದೆ, ಹೊಗೆ ಹೋಗೋ ಪೈಪೂ ಕಟ್ಕೊಂಡಿದೆ ಅಂತ ಅವನು ಹೇಳಿ ಹೋಗಿದಾನೆ."

"ಅವನಿಗೇನು ಗೊತ್ತು? ನಾನು ಮೂವತ್ತು ವರ್ಷ ಮೆಷಿನ್ ಜೊತೆ ಗುದ್ದಾಡಿದೋನು."

"ಪ್ರಿಯಾ, ಸ್ವಲ್ಪ ಮೆಲ್ಲಗೆ ಮಾತಾಡು," ಎಂದ ಬಾಗಿಲಲ್ಲಿ ನಿಂತಿದ್ದ ವಿನಾಯಕ. "ಸಾರ್ ಏನು ಬೇಕೂಂತ್ಲೇ ಮಾಡಿದ್ರಾ? ದೊಡ್ಡೋರು."

ಹರಿಪ್ರಿಯಾಗೆ ಮೈಯೆಲ್ಲ ಉರಿದುಹೋಯಿತು. "ನೀವು ಬಾಯಿ ಮುಚ್ಕೊಂಡಿರಿ! ಅವತ್ತು ನನ್ನ ಕಾಲು ತುಳಿದಿದ್ದು ಸಾಲ್ದಾ? ನಾಳೆ ಮಗು ಏಳ್ದೇ ಇದ್ರೂ ದೊಡ್ಡೋರು ಅಂತ ಕೈ ಮುಗೀತೀರಾ?"

ಅವಳು ಹೋಗಿ ಅಡುಗೆಮನೆಯ ಕಿಟಕಿಯನ್ನು ದಡಾರನೆ ಮುಚ್ಚಿದಳು, ಹಿಂಬಾಗಿಲನ್ನೂ ಹಾಕಿದಳು. ಆಮೇಲೆ ಮನೆ ಮಾಲೀಕರ ಕಡೆ ತಿರುಗಿದಳು.

"ಸರಿ ಸಾರ್, ಚೀಟಿ ಕಿತ್ತು ಹಚ್ಚಿ. ನಾವು ಮೂರೂ ಜನ ಯಾವುದಾದ್ರೂ ಹೋಟೆಲಿಗೆ ಹೋಗ್ತೀವಿ. ನೀವು ನಿಮ್ಮ ಮೊಮ್ಮಗಳು ಚಿನ್ಮಯಿನ ಕರ್ಕೊಂಡು ಬಂದು ಇವತ್ತು ಇಲ್ಲೇ ಮಲಗಿಸಿ. ನಾಳೆ ಬೆಳಿಗ್ಗೆ ಬಂದು ನಿಮ್ಮ ಕಾಲಿಗೆ ಬಿದ್ದು ತಪ್ಪಾಯ್ತು ಅಂತೀನಿ."

ಲಕ್ಷ್ಮೀನಾರಾಯಣರ ಉಗುರು ಚೀಟಿಯ ಮೇಲೇ ನಿಂತಿತು.

"ಅವಳಿನ್ನೂ ಪುಟ್ಟ ಮಗು ಕಣಮ್ಮ," ಎಂದರು.