ಗ್ರಹಣ ಬಿಟ್ಟ ಬೆಳಿಗ್ಗೆ

ಗಾಜಿನ ತೊಟ್ಟಿಯಲ್ಲಿ ಎರಡೂ ಜೀವಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ಎಂತ ಮಾಡಿದ್ದು ಮಾರಾಯ್ತಿ ನೀನು?” ಕಾಂತಪ್ಪನವರ ಕೂಗಿಗೆ ಕೆಲಸದ ರಾಚವ್ವ ನೆಲ ಒರೆಸುವ ಬಟ್ಟೆ ಹಿಡಿದೇ ಓಡಿ ಬಂದಳು.

“ಗ್ರಹಣದ ನೀರಿತ್ತಲ್ರೀ, ಸಾವ್ಕಾರ್ರ. ಎಲ್ಲಾ ಚೆಲ್ಲಿ ನಲ್ಲಿ ನೀರು ತುಂಬೀನ್ರೀ...”

ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವ ಕಾಂತಪ್ಪನವರಿಗೆ ಹಡಗಿನಲ್ಲಿ ದುಡಿಯುವ ತಮ್ಮ ತಂದುಕೊಟ್ಟ ಜೀವಗಳು ಅವು. ನೀರಿನಲ್ಲೇ ಬದುಕುವ ಹಲ್ಲಿಯಂಥವು, ಆಕ್ಸೊಲಾಟ್ಲ್ ಅಂತ ಹೆಸರಂತೆ. ರಾಚವ್ವನ ನಾಲಿಗೆ ಅದಕ್ಕೆ ಹೊರಳದೆ, ಅವಳು ‘ಕೂಸುಗಳು’ ಅಂದುಬಿಟ್ಟಿದ್ದಳು. ಹಸುಗೂಸಿನ ಅಂಗಾಲಿನ ಬಣ್ಣ, ಪುಟ್ಟ ಕೈಕಾಲು, ಕುತ್ತಿಗೆಯ ಎರಡೂ ಕಡೆ ಕೆಂಪು ಗರಿ. ಲಿಂಗ ಕಟ್ಟಿದ ಹೆಂಗಸು, ಮುಖ ಆಚೆ ತಿರುಗಿಸಿ ಕಡ್ಡಿಯಲ್ಲಿ ಎರೆಹುಳ ತಿನ್ನಿಸುತ್ತಿದ್ದಳು. ಸೆಕೆ ಏರಿದರೆ ನೀರಿಗೆ ಬರ್ಫದ ತುಂಡು ಬಿಡುತ್ತಿದ್ದಳು. ನಲ್ಲಿ ನೀರಿಗೆ ಬೆರೆಸುವ ಔಷಧ ಅವಕ್ಕೆ ಆಗದು, ಎರಡು ದಿನ ಬಕೆಟ್ಟಿನಲ್ಲಿಟ್ಟ ನೀರನ್ನೇ ಸ್ವಲ್ಪ ಸ್ವಲ್ಪ ಹಾಕು ಅಂದಿದ್ದರು ಕಾಂತಪ್ಪನವರು. ಎಂಟು ತಿಂಗಳು ಒಂದು ದಿನ ತಪ್ಪಿರಲಿಲ್ಲ.

ಆದರೆ ನಿನ್ನೆ ಚಂದ್ರಗ್ರಹಣ. ಸಂಜೆ ಕಾಂತಪ್ಪನವರ ಹೆಂಡತಿ ಪ್ರಫುಲ್ಲಾ ಅವಳನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದ್ದರು: “ನಾಳೆ ಬಂದ ಕೂಡಲೇ ಮನೆಯಲ್ಲಿ ನಿಂತ ನೀರು ಒಂದು ಹನಿ ಇಡಬೇಡ. ಎಲ್ಲ ಚೆಲ್ಲಿ ಹೊಸತು ತುಂಬು. ಇವರಿಗೆ ಗೊತ್ತಾಗುವುದು ಬೇಡ, ತಮಾಷೆ ಮಾಡ್ತಾರೆ.” ಬಕೆಟ್ಟಿನದೂ ನಿಂತ ನೀರೇ, ತೊಟ್ಟಿಯದೂ ನಿಂತ ನೀರೇ. ಮೈಲಿಗೆಯಲ್ಲಿ ಕೂಸುಗಳನ್ನಷ್ಟೇ ಬಿಡಲು ರಾಚವ್ವನಿಗೆ ಮನಸ್ಸು ಬರಲಿಲ್ಲ.

“ಚೆಲ್ಲು ಅಂತ ಯಾರು ಹೇಳಿದ್ದು ನಿನಗೆ?”

ರಾಚವ್ವ ಬಾಗಿಲಲ್ಲಿ ನಿಂತಿದ್ದ ಪ್ರಫುಲ್ಲಾ ಅವರನ್ನು ನೋಡಿದಳು. “ಅಕ್ಕಾರ, ನೀವ ಹೇಳಿದ್ರಲ್ರೀ...”

“ನಾನಾ? ನಾನು ಯಾವಾಗ ಹೇಳಿದ್ದು? ಗ್ರಹಣ ಗಿಹಣ ಎಲ್ಲ ಇವಳ ಊರಿನ ಮರುಳು.”

ಕಾಂತಪ್ಪನವರು ರಾಚವ್ವನ ಕಡೆ ತಿರುಗಿದರು. “ಮನುಷ್ಯ ಚಂದ್ರನ ಮೇಲೆ ನಡೆದು ಬಂದಾಯ್ತು, ಇವರಿಗಿನ್ನೂ ಗ್ರಹಣ! ನಾಳೆಯಿಂದ ಬರಬೇಡ ನೀನು.”

“ಹಂಗನಬ್ಯಾಡ್ರೀ ಸಾವ್ಕಾರ್ರ. ನನ್ನ ಗಂಡ ಬಿಲ್ಡಿಂಗ್ ಕೆಲಸದಾಗ ಕಾಲು ಮುರಕೊಂಡು ಖೋಲಿಯೊಳಗ ಕುಂತಾನ್ರೀ. ಇದೊಂದ ಮನಿ ಐತ್ರೀ ನನಗ...”

ಕಾಂತಪ್ಪನವರು ಆಗಲೇ ಚಪ್ಪಲಿ ಮೆಟ್ಟಿ ಹೋಟೆಲಿಗೆ ಇಳಿಯುತ್ತಿದ್ದರು.

ರಾಚವ್ವ ತೊಟ್ಟಿಗೆ ಕೈ ಹಾಕಿದಳು. ಎಂಟು ತಿಂಗಳಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಒಂದೊಂದಾಗಿ ಎತ್ತಿ, ಹಳೆ ಪೇಪರಿನಲ್ಲಿ ಸುತ್ತಿಕೊಂಡು ಬಾಗಿಲು ದಾಟಿದಳು.

ಹಿಂದಿನಿಂದ ಪ್ರಫುಲ್ಲಾ ಬಂದರು. ಮೆಟ್ಟಿಲ ಕಡೆ ಒಮ್ಮೆ ಬಗ್ಗಿ ನೋಡಿ, ಗಂಡ ಪೂರಾ ಇಳಿದದ್ದು ಖಾತ್ರಿಯಾದ ಮೇಲೆ ಮೆಲ್ಲಗೆ ಕೇಳಿದರು:

“ರಾಚವ್ವ, ಕುಡಿಯುವ ನೀರಿನ ಕೊಡದ್ದೂ ಚೆಲ್ಲಿದ್ದೀ ಅಲ್ವಾ?”