ಬ್ಲೇಡ್ ಡಾಕ್ಟರು ಬರೆದ ಚೀಟಿ

"ಸತ್ತಿದೆ," ಎಂದರು ಬ್ಲೇಡ್ ಡಾಕ್ಟರು, ಟೈಲರ್ ತಂದಿದ್ದ ಹಳೆಯ ಟೇಬಲ್ ಟೆನಿಸ್ ಬ್ಯಾಟನ್ನು ಬಲಗಿವಿಯ ಬಳಿ ಹಿಡಿದು ಬೆರಳ ಗೆಣ್ಣಿನಿಂದ ಕುಟ್ಟಿ.

ಟೈಲರ್ ಮುಖ ಬಾಡಿತು. "ಸರಿಯಾಗಿ ನೋಡಿ ಸಾರ್. ತೀರ್ಕೊಂಡ ನಮ್ಮಣ್ಣ ಆಡ್ತಿದ್ದ ಬ್ಯಾಟು. ನಾಳೆ ಕ್ಲಬ್ಬಿನ ಫೈನಲ್ ಇದರಲ್ಲೇ ಆಡ್ಬೇಕು ಅಂತಿದ್ದೆ."

ಡಾಕ್ಟರು ಅಂದರೆ ಓದಿದ ಡಾಕ್ಟರೇನಲ್ಲ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಕುಟ್ಟಿ ನಿವೃತ್ತರಾದವರು. ರಬ್ಬರು ಕಿತ್ತ ಟೇಬಲ್ ಟೆನಿಸ್ ಬ್ಯಾಟಿನ ಬರೀ ಮರಕ್ಕೆ ಆಟಗಾರರು ಬ್ಲೇಡು ಅನ್ನುತ್ತಾರೆ. ಅದರ ನಾಡಿ ಹಿಡಿಯುವುದೇ ಇವರ ಹುಚ್ಚು. ಗಮನ ಚೆದುರದಿರಲೆಂದು ಎಡಗಿವಿಗೆ ಹತ್ತಿ ತುರುಕಿಕೊಂಡು ಕುಟ್ಟುವರು. ಟಣ್ ಅಂದರೆ ಜೀವ ಇದೆ. ದೊಬ್ ಅಂದರೆ ಒಳಪದರ ಬಿಟ್ಟಿದೆ. ಈ ತಿಂಗಳು ಅದೇನು ಗ್ರಹಚಾರವೋ, ಕುಟ್ಟಿದ್ದೆಲ್ಲ ದೊಬ್! ತಾವು ಇಪ್ಪತ್ತಾರು ವರ್ಷ ಆಡಿದ ಬ್ಲೇಡನ್ನೂ ಕಣ್ಣೀರು ಹಾಕಿ, ಹಾಲಿನ ಪಾತ್ರೆ ಮುಚ್ಚಲು ಹೆಂಡತಿಗೆ ಕೊಟ್ಟುಬಿಟ್ಟಿದ್ದರು.

"ಅಂಚು ಚೆನ್ನಾಗಿದೆ, ಹಿಡಿ ಗಟ್ಟಿಯಾಗಿದೆ. ಆದ್ರೆ ಈ ಕಿವಿಗೆ ಮೋಸ ಮಾಡಕ್ಕಾಗಲ್ಲ ಕಣಯ್ಯಾ," ಎಂದು 'ಸತ್ತಿದೆ' ಎಂಬ ಚೀಟಿ ಬರೆದು, ಗೋಂದು ಹಚ್ಚಿ, ಬ್ಲೇಡಿಗೆ ಅಂಟಿಸಿದರು. ಟೈಲರ್ ಕಣ್ಣು ಒರೆಸಿಕೊಂಡ. ಅಯ್ಯೋ ಪಾಪ ಅನ್ನಿಸಿ, ಇನ್ನೊಮ್ಮೆ ಕುಟ್ಟಿದರು. ದೊಬ್.

"ಏನ್ರೀ ಅದು, ಆಗ್ಲಿಂದ ಟಣ್ ಟಣ್ ಅಂತ! ತಲೆ ಚಿಟ್ಟು ಹಿಡೀತು!" ಅಡುಗೆಮನೆಯಿಂದ ಹೆಂಡತಿ ಕೂಗಿದರು. ಹತ್ತಿ ದಾಟಿ ಬರುವಂಥ ದನಿ ಅವರದು.

ಡಾಕ್ಟರು ಟೈಲರನ್ನು ನೋಡಿದರು. "ನಿಂಗೇನು ಕೇಳಿಸ್ತಯ್ಯಾ?"

"ಟಣ್ ಅಂತಲೇ ಸಾರ್. ನೀವು ತಿಳಿದೋರು, ನಾನು ಹೇಗೆ ಹೇಳ್ಲಿ ಅಂತ..."

ಡಾಕ್ಟರು ಹತ್ತಿ ಕಿತ್ತರು. ಬ್ಲೇಡು ಎಡಗಿವಿಯ ಬಳಿ ಹೋಯಿತು. ಟಣ್! ದೇವಸ್ಥಾನದ ಗಂಟೆಯೂ ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ.

ಸೌಟು ಹಿಡಿದೇ ಬಂದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಬಲಗಡೆಯಿಂದ ಕರೆದ್ರೆ ನಿಮಗೆ ಕೇಳ್ಸಲ್ಲ ಅಂತ ತಿಂಗಳಿಂದ ಬಡ್ಕೋತಾ ಇದೀನಿ."

"ಬಲಗಡೆ ನಿಂತು ಬಡ್ಕೊಂಡಿರ್ತೀಯ ಕಣೇ," ಎಂದು ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. "ನನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೆ, ಊರವರ ತಟ್ಟೇಲಿ ನೊಣ ಹುಡುಕ್ದೆ ನೋಡು! ಹೋಗು, ಮೊದ್ಲು ಆ ಹಾಲಿನ ಮುಚ್ಚಳ ತಗೊಂಡ್ಬಾ."

ಆಮೇಲೆ ಚೀಟಿಯನ್ನು ಹರಿಯದಂತೆ ಬಿಡಿಸಿ, ಬ್ಲೇಡನ್ನು ಟೈಲರ್ ಕೈಗಿಟ್ಟರು. ಗೋಂದು ಇನ್ನೂ ಹಸಿಯಾಗಿತ್ತು. ಬರೆದ ಚೀಟಿ ದಂಡವಾಗುವುದು ಬೇಡವೆಂದು ತಮ್ಮ ಬಲಗಿವಿಗೇ ಅಂಟಿಸಿಕೊಂಡರು.