ಎರಡು ಬೆರಳು ಎತ್ತರ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳ ಮನೆಯ ಬಾಗಿಲು ತಟ್ಟಿದ್ದು ಅವನ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರ ಹೆಂಡತಿ. ಒಳಗೆ ಕರೆದರೂ ಬರದೆ, ಕೈಚೀಲದ ಹಿಡಿಯನ್ನು ಹೊಸೆಯುತ್ತ ಹೊಸ್ತಿಲಾಚೆಯೇ ನಿಂತಳು.

“ಕೇಳೋಕೆ ನಾಲಿಗೆ ಏಳ್ತಿಲ್ಲಮ್ಮ. ಯಜಮಾನ್ರು ನಮ್ಮನೆ ಕುರ್ಚಿ ತಗೊಂಡು ಹೋಗಿದ್ರು. ಎರಡು ದಿನದಲ್ಲಿ ತಂದುಕೊಡ್ತೀನಿ ಅಂದಿದ್ರು. ಅಷ್ಟರಲ್ಲಿ ಹೀಗಾಗಿಹೋಯ್ತು.”

“ಕುರ್ಚಿನಾ? ಯಾಕೆ?”

“ಅಂಗಡಿಗೆ ಯಾರೋ ದೊಡ್ಡ ಗಿರಾಕಿ ಬರ್ತಾರೆ, ಕೂರಿಸೋಕೆ ಅಂದ್ರು. ನಮ್ಮವರಿಗೆ ಅದೊಂದರಲ್ಲೇ ಸೊಂಟ ನೋಯದೆ ಕೂರೋಕಾಗೋದು. ಕೇಳಬೇಡ ಅಂತ ನನ್ನ ಬಾಯಿ ಮುಚ್ಚಿಸಿದಾರೆ. ಈಗ ಹಾಸಿಗೆ ಬಿಟ್ಟು ಏಳ್ತಾನೇ ಇಲ್ಲ.”

ಅಂಗಡಿಯ ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಏಣಿ ಜಾರಿ ಬಿದ್ದಿದ್ದರು ಮಾಸ್ಟರು. ಮೂಳೆ ಕೂಡಿಕೊಂಡಿತ್ತು, ಆದರೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ‘ನಿಂತು ಕತ್ತರಿಸದವನು ಎಂಥ ಮಾಸ್ಟರು, ನನ್ನನ್ನು ಕರುಣೆಗೆ ಕೂರಿಸಬೇಡ’ ಎಂದು ಶಿಷ್ಯನೂ ಅಂಗಡಿಯ ಯಜಮಾನನೂ ಆದ ಅವಳ ಗಂಡನಿಗೇ ಗದರಿ ಮನೆ ಸೇರಿದ್ದರು. ಈಗ ಶಿಷ್ಯನೂ ಇಲ್ಲ. ಸಂಜೆ ಮೈದುನ ಬಂದು, ಅಂಗಡಿ ಖಾಲಿ ಮಾಡಲು ಬೀಗದ ಕೈ ಒಯ್ಯುವುದೆಂದು ಮಾತಾಗಿತ್ತು. ಅವಳು ಹ್ಞೂಂ ಅಂದಿದ್ದಳು. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಹ್ಞೂಂ ಅಂದಿದ್ದಳು.

ಅಂಗಡಿಗೆ ಹೋಗಿ ಇಬ್ಬರೂ ಸೇರಿ ಶಟರ್ ಎತ್ತಿದರು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಕಟಿಂಗ್ ಮೇಜಿನ ಕಾಲುಗಳನ್ನು ಗೇಣುದ್ದ ಕೊಯ್ದು, ತುಂಡುಗಳನ್ನು ಮೂಲೆಗೆ ಒರಗಿಸಲಾಗಿತ್ತು. ಆನೆಯಂಥ ಮೇಜು ಮಂಡಿಯೂರಿದ ಹಾಗೆ ಕಾಣುತ್ತಿತ್ತು.

“ಅಯ್ಯೋ! ಕಳ್ಳರು ಬಂದು ಮೇಜಿನ ಕಾಲು ಕದಿಯೋಕೆ ನೋಡಿದಾರೇನಮ್ಮ?”

ಅವಳು ಒಳಗೆ ನಡೆದಳು. ಮೇಜಿನ ಪಕ್ಕದಲ್ಲೇ ಮಾಸ್ಟರ ಬೆತ್ತದ ಕುರ್ಚಿ ಇತ್ತು. ಅದರ ನಾಲ್ಕು ಕಾಲಿಗೂ ಪುಟ್ಟ ಚಕ್ರಗಳು. ಅವಳು ಮೆಲ್ಲಗೆ ಕೂತಳು. ಮೇಜಿನ ಅಂಚು ಹಿಡಿದು ಒಮ್ಮೆ ಎಳೆದುಕೊಂಡಳು. ಕುರ್ಚಿ ಸುಯ್ಯೆಂದು ಆ ತುದಿಗೆ ಹೋಯಿತು. ಎಳೆದಳು, ಈ ತುದಿಗೆ ಬಂತು.

“ಅಕ್ಕಾ, ಗಿರಾಕಿ ಅಂದಿದ್ದು ಸುಳ್ಳು! ಇದು ಮಾಸ್ಟ್ರಿಗೆ! ಕೂತ್ಕೊಂಡೇ ಕತ್ತರಿಸಬಹುದು, ನೋಡಿ!” ತನ್ನ ದನಿ ಇಷ್ಟು ದೊಡ್ಡದಿದೆ ಎಂಬುದು ಅವಳಿಗೆ ಮರೆತೇಹೋಗಿತ್ತು.

ಖಾಲಿ ಕುರ್ಚಿಯನ್ನು ಗಡಗಡ ತಳ್ಳಿಕೊಂಡು ಇಬ್ಬರೂ ಓಡುನಡಿಗೆಯಲ್ಲಿ ಬೀದಿ ದಾಟಿದರು. ತರಕಾರಿಯವನು ಗಾಡಿಯನ್ನು ಬದಿಗೆ ಸರಿಸಿ ಕೂಗಿದ, “ಯಾರ ಮೆರವಣಿಗೆ ತಾಯಿ?”

“ಮಾಸ್ಟ್ರದ್ದು! ಬರೋವಾಗ ನೋಡುವಿಯಂತೆ!”

ಮಾಸ್ಟರು ಹಾಸಿಗೆಯಲ್ಲಿ ಗೋಡೆಗೆ ಒರಗಿದ್ದರು. ಗಿಡ್ಡ ಆಳು. ಕೊರಳಲ್ಲಿ ಇನ್ನೂ ಅಳತೆಯ ಟೇಪು.

“ನನ್ನ ಕುರ್ಚಿಗೆ ಚಕ್ರ ಯಾರಮ್ಮ ಹಾಕಿದ್ದು?”

“ನಿಮ್ಮ ಶಿಷ್ಯರೇ. ಕಟಿಂಗ್ ಮೇಜಿನ ಕಾಲನ್ನೂ ಕೊಯ್ದಿದಾರೆ.”

“ತೇಗದ ಮೇಜು ಕೊಯ್ದನಾ?” ಮಾಸ್ಟರು ನೆಟ್ಟಗೆ ಕೂತರು. “ತಲೆಗಿಲೆ ಕೆಟ್ಟಿತ್ತಾ ಅವನಿಗೆ? ಎಷ್ಟು ಕೊಯ್ದ?”

“ಬಂದು ನೋಡಿ.”

“ನಾನು ಬರಲ್ಲ.”

“ಹಾಗಾದ್ರೆ ಬಿಡಿ. ಸಂಜೆ ಮೈದುನ ಬಂದು ಊಟದ ಮೇಜು ಅಂತ ಯಾರಿಗಾದ್ರೂ ಕೊಟ್ಟುಬಿಡ್ತಾನೆ.”

“ಊಟದ ಮೇಜು!” ಮಾಸ್ಟರ ಕಿವಿ ಕೆಂಪಾಯಿತು. “ನನ್ನ ಕತ್ತರಿ ಎಲ್ಲೇ?” ಎಂದು ಹೆಂಡತಿಯನ್ನು ಗದರಿದರು.

ಮಾಸ್ಟರು ಕೂತಿದ್ದ ಕುರ್ಚಿಯನ್ನು ಹೆಂಗಸರಿಬ್ಬರೂ ಅಂಗಡಿಗೆ ತಳ್ಳಿ ಮೇಜಿಗೆ ತಾಗಿಸಿದರು. ಮಾಸ್ಟರು ಮೊಣಕೈಯನ್ನು ಹಲಗೆಯ ಮೇಲಿಟ್ಟು ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿದರು. ಹೆಗಲು ಕಿವಿಯ ಹತ್ತಿರಕ್ಕೆ ಏರಿತು. ಮುಖ ಸಣ್ಣದಾಯಿತು.

“ಮೇಜು ಎರಡು ಬೆರಳು ಎತ್ತರ. ಇದು ನನ್ನ ಅಳತೆಯಲ್ಲಮ್ಮ. ಉದ್ದನೆಯವನು, ತಾನು ಕೂತು ನೋಡಿ ಕೊಯ್ದಿದಾನೆ. ಅಳತೆ ತಗೊಳ್ದೆ ಕತ್ತರಿ ಮುಟ್ಟಬೇಡ ಅಂತ ಎಷ್ಟು ಬಡ್ಕೊಂಡಿದ್ದೆ!”

“ನೀವು ಅಳತೆ ಕೊಡ್ತಿದ್ರಾ? ಹತ್ತಿರ ಬಿಟ್ಕೊಳ್ತಿದ್ರಾ ಆ ಹುಡುಗನ್ನ?” ಅಂದಳು ಹೆಂಡತಿ.

ಮಾಸ್ಟರು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟರು. “ಹೀಗೆ ಒಂದು ಪ್ಯಾಂಟು ಕತ್ತರಿಸೋದ್ರಲ್ಲಿ ಭುಜ ಬಿದ್ದುಹೋಗುತ್ತೆ. ಆಗಲ್ಲ ಬಿಡಮ್ಮ. ಮನೆಗೆ ಕರ್ಕೊಂಡು ಹೋಗು.”

ಅವಳು ಸುತ್ತ ನೋಡಿದಳು. ಕಿಟಕಿಯ ಬೊಂಬೆಯ ಮೇಲೆ ಮಾದರಿಗೆಂದು ತೊಡಿಸಿದ್ದ ಕಪ್ಪು ಕೋಟು ಇತ್ತು, ಅವಳ ಗಂಡನ ಮದುವೆಯ ಕೋಟು. ಗುಂಡಿ ಬಿಚ್ಚಿ ತೆಗೆದಳು. ನಾಲ್ಕು ಮಡಿಕೆ ಮಾಡಿ ಬದಿಗೆ ಎರಡು ಬೆರಳಿಟ್ಟು ದಪ್ಪ ನೋಡಿದಳು. ಇನ್ನೊಂದು ಮಡಿಕೆ ಹಾಕಿದಳು.

“ಏಯ್, ಏಯ್! ಅದು ನಾನೇ ಕತ್ತರಿಸಿದ ಕೋಟಮ್ಮ! ಸುಕ್ಕಾಗುತ್ತೆ!”

“ಇಸ್ತ್ರಿಪೆಟ್ಟಿಗೆ ಇದೆಯಲ್ಲ. ಒಂದು ಸಲ ಏಳಿ ಮಾಸ್ಟ್ರೇ.”

ಹೆಂಡತಿಯ ಭುಜ ಹಿಡಿದು ಎದ್ದರು. ಅವಳು ಕೋಟನ್ನು ಬೆತ್ತದ ಮೇಲೆ ಹಾಸಿದಳು. ಮಾಸ್ಟರು ಕೂತರು. ಮೊಣಕೈ ಹಲಗೆಯ ಮೇಲೆ ಹಗುರಾಗಿ ಇಳಿಯಿತು. ಯಾರೂ ಏನೂ ಹೇಳುವ ಮೊದಲೇ ಅವರ ಎಡಗೈ ಸೀಮೆಸುಣ್ಣ ಹುಡುಕತೊಡಗಿತ್ತು.

ಅವಳ ಫೋನು ಬಡಿದುಕೊಂಡಿತು. ಮೈದುನ. “ಅತ್ತಿಗೆ, ಸಂಜೆ ಬೀಗದ ಕೈಗೆ ಬರ್ಲಾ?”

“ಊಹ್ಞೂಂ,” ಎಂದು ಫೋನು ಕೆಳಗಿಟ್ಟಳು. ಆಮೇಲೆ ಮಾಸ್ಟರ ಕಡೆ ತಿರುಗಿದಳು. “ನಮ್ಮವರು ತಂದಿದ್ದ ಕುರ್ಚಿ ಈಗ ವಾಪಸ್ ಕೊಟ್ಟೆ.”

ಮಾಸ್ಟರಿಗೆ ಕೇಳಿಸಿತೋ ಇಲ್ಲವೋ. “ಥಾನು ಬಿಚ್ಚಮ್ಮ, ಬೇಗ!” ಎಂದರು. ಕತ್ತರಿ ಕರಕರ ಸದ್ದು ಮಾಡುತ್ತ ಬಟ್ಟೆಯೊಳಗೆ ನುಗ್ಗಿತು. ಕುರ್ಚಿ ಮೇಜಿನುದ್ದಕ್ಕೂ ಉರುಳಿತು. ಮಡಿಕೆಯಿಂದ ಜಾರಿದ ಕೋಟಿನ ಒಂದು ತೋಳು ಪಕ್ಕದಲ್ಲೇ ಕೈಬೀಸಿಕೊಂಡು ಜೊತೆಗೆ ಹೋಯಿತು.